ಗದ್ದುಗೆಯೂ ರುದ್ರಭೂಮಿಯೂ: ಮರೋಳ ಸೀಮೆಯ ಸಮಾಧಿಗಳ ಚರಿತ್ರೆ ಮತ್ತು ನಮ್ಮ ಹೊಣೆ



ನಮ್ಮ ಭಾಗದಲ್ಲಿ ಯಾರಾದರೂ ಲಿಂಗೈಕ್ಯರಾದ ಸುದ್ದಿ ಬಂದರೆ ಬಂಧುಗಳು ಮೊದಲು ಕೇಳುವ ಮಾತು ‘ಮಣ್ಣು ಎಷ್ಟು ಗಂಟೆಗೆ?’ ಎಂಬುದು. ಅಂತ್ಯಸಂಸ್ಕಾರಕ್ಕೆ ಹೋಗುವುದನ್ನು ನಾವು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಹೋದವರೆಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟು ಬರುತ್ತೇವೆ. ಹೀಗೆ ಹಿಡಿ ಹಿಡಿಯಾಗಿ ಕೊಟ್ಟ ಆ ಮಣ್ಣು ಮುಂದೆ ಏನಾಗುತ್ತದೆ, ಅದು ಯಾರ ಹೆಸರಿನ ಭೂಮಿ, ಅದನ್ನು ಕಾಯುವವರು ಯಾರು ಎಂಬುದನ್ನು ಮಾತ್ರ ನಾವು ಹೆಚ್ಚಾಗಿ ವಿಚಾರಿಸುವುದಿಲ್ಲ. ಮಠಗಳ ಗದ್ದುಗೆಗಳಿಗೆ ನಿತ್ಯಪೂಜೆ ಇದೆ, ಜಾತ್ರೆ ಇದೆ. ಆ ಗದ್ದುಗೆಗೆ ತಲೆಮಾರುಗಳ ಕಾಲ ನಡೆದುಕೊಂಡ ಭಕ್ತರು ಮಲಗಿರುವ ಊರ ರುದ್ರಭೂಮಿಗೆ ಒಂದು ಸರಿಯಾದ ದಾರಿಯೂ ಇರುವುದಿಲ್ಲ. ಈ ಎರಡರ ಚರಿತ್ರೆ ಬೇರೆಬೇರೆಯಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮಣ್ಣಿನ ಸಂಸ್ಕಾರ

ಲಿಂಗಾಯತರಲ್ಲಿ ದಹನವಿಲ್ಲ, ಭೂಸಮಾಧಿಯೇ ಕ್ರಮ. ದೀಕ್ಷೆಯ ದಿನ ಗುರು ಕರುಣಿಸಿದ ಇಷ್ಟಲಿಂಗವು ಅಂಗದಿಂದ ಅಗಲಬಾರದು ಎಂಬುದು ನಿಯಮ. ಬದುಕಿರುವಾಗ ಅಗಲದ ಲಿಂಗವನ್ನು ಕೊನೆಯಲ್ಲಿ ಅಗಲಿಸುವುದು ಹೇಗೆ? ಆದ್ದರಿಂದ ಲಿಂಗದೊಡನೆಯೇ ದೇಹವನ್ನು ಭೂಮಿಗೆ ಒಪ್ಪಿಸಲಾಗುತ್ತದೆ. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ ವಿಮಾನದಲ್ಲಿರಿಸಿ, ಭಜನೆಯೊಡನೆ ಕರೆದೊಯ್ಯುತ್ತಾರೆ. ಕುಣಿಯಲ್ಲಿ ಪದ್ಮಾಸನದಂತೆ ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪುಗಳನ್ನು ಹಾಕಿ ಮಣ್ಣು ಮುಚ್ಚುತ್ತಾರೆ. ಕುಣಿಯ ಅಳತೆ, ಗೂಡಿನ ದಿಕ್ಕು ಮುಂತಾದ ವಿವರಗಳಲ್ಲಿ ಊರಿಂದ ಊರಿಗೆ ವ್ಯತ್ಯಾಸಗಳಿದ್ದರೂ ಮೂಲ ಭಾವ ಒಂದೇ. ಹೋದವರು ಮಲಗಿದ ಹೆಣವಲ್ಲ, ಲಿಂಗಪೂಜೆಗೆ ಕುಳಿತ ಭಕ್ತರು.

ಈ ಕ್ರಮದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಗಂಡಿಗೂ ಹೆಣ್ಣಿಗೂ ವಿಧಿ ಒಂದೇ. ಬಡವನಿಗೂ ಬಲ್ಲಿದನಿಗೂ ಕುಣಿ ಒಂದೇ. ಎರಡನೆಯದು, ಸಾವಿಗೆ ಸೂತಕವಿಲ್ಲ. ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ಮರಣದ ಸೂತಕವೂ ಸೇರಿದೆ. ಸೂತಕವೇ ಇಲ್ಲವೆಂದ ಮೇಲೆ ಸಮಾಧಿಯಿರುವ ನೆಲ ಮೈಲಿಗೆಯಾಗುವುದಿಲ್ಲ. ಆದರೂ ನಮ್ಮಲ್ಲಿ ಎಷ್ಟೋ ಮಂದಿ ರುದ್ರಭೂಮಿಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಭಯದಿಂದ ಬಿಟ್ಟ ನೆಲದಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ, ಕಸ ಬೀಳುತ್ತದೆ, ಅಂಚಿನ ಹೊಲದ ನೇಗಿಲು ವರ್ಷಕ್ಕೊಂದು ಸಾಲು ಒಳಕ್ಕೆ ಬರುತ್ತದೆ.

ಐಹೊಳೆಯ ಕಲ್ಲುಮನೆಗಳು

ಸತ್ತವರನ್ನು ನೆಲಕ್ಕೆ ಒಪ್ಪಿಸಿ ಗುರುತಿಗೆ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮ ಸೀಮೆಯಲ್ಲಿ ಶರಣರಿಗಿಂತ ಬಹಳ ಹಿಂದಿನದು. ಮರೋಳದಂತೆಯೇ ಹುನಗುಂದ ಸೀಮೆಗೆ ಸೇರಿದ ಐಹೊಳೆಯಲ್ಲಿ ಮೇಗುತಿ ಗುಡ್ಡವಿದೆ. ಗುಡ್ಡದ ಮೇಲಿನ ಗುಡಿಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಹೊಗಳಿ ಕೆತ್ತಿಸಿದ ಕ್ರಿ.ಶ. 634ರ ಶಾಸನವಿರುವುದು ಎಲ್ಲರಿಗೂ ಗೊತ್ತು. ಅದೇ ಗುಡಿಯ ಹಿಂದೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪ್ರಾಚೀನ ಶಿಲಾಸಮಾಧಿಗಳಿರುವುದನ್ನು ಗಮನಿಸಿದವರು ಕಡಿಮೆ. ಚಾಲುಕ್ಯರು ಗುಡಿ ಕಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಆ ಗುಡ್ಡ ಯಾರೋ ಹಿರಿಯರ ವಿಶ್ರಾಂತಿಯ ನೆಲವಾಗಿತ್ತು. ಇಂತಹ ಸಮಾಧಿಗಳು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲಿವೆ. ಅಲ್ಲಿ ನೂರಾರು ಕಲ್ಲುಮನೆಗಳು ಸಾಲಾಗಿ ನಿಂತಿವೆ.

ಆ ಜನರ ಭಾಷೆ ಯಾವುದು, ದೇವರು ಯಾರು ಎಂಬುದಕ್ಕೆ ಬರಹದ ಸಾಕ್ಷ್ಯ ಉಳಿದಿಲ್ಲ. ಉಳಿದದ್ದು ಸಮಾಧಿ ಮಾತ್ರ. ತಮ್ಮವರನ್ನು ಅವರು ಎಷ್ಟು ಶ್ರಮಪಟ್ಟು ಗೌರವಿಸಿದರೆಂಬುದು ಆ ಕಲ್ಲುಗಳ ಗಾತ್ರದಿಂದಲೇ ತಿಳಿಯುತ್ತದೆ. ಮುಂದಿನ ಶತಮಾನಗಳಲ್ಲಿ ತುರು ಕಾಯಲು, ಊರು ಕಾಯಲು ಹೋರಾಡಿ ಮಡಿದವರಿಗೆ ವೀರಗಲ್ಲುಗಳು ಬಂದವು. ನಮ್ಮ ಹಳ್ಳಿಗಳ ಅಗಸೆಯ ಬಳಿ, ಹನುಮಪ್ಪನ ಗುಡಿಯ ಪಕ್ಕದಲ್ಲಿ ಅರ್ಧ ಹೂತುಹೋಗಿ ನಿಂತಿರುವ ಇಂತಹ ಕಲ್ಲುಗಳನ್ನು ಭಕ್ತರು ನೋಡಿರುತ್ತಾರೆ. ಅನೇಕ ವೀರಗಲ್ಲುಗಳ ಮೇಲಿನ ಹಂತದಲ್ಲಿ ಶಿವಲಿಂಗವಿರುತ್ತದೆ, ಮಡಿದ ವೀರ ಅದರ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಸತ್ತವರು ಶಿವಸನ್ನಿಧಿಯಲ್ಲಿ ಕುಳಿತಿದ್ದಾರೆಂಬ ಭಾವ ನಮ್ಮ ಜನಕ್ಕೆ ಎಷ್ಟು ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ನದಿಯ ದಂಡೆಯ ಐಕ್ಯಸ್ಥಳಗಳು

ನಮ್ಮ ಸೀಮೆಯ ಪುಣ್ಯವೆಂದರೆ ಕೂಡಲಸಂಗಮ ನಮ್ಮಲ್ಲಿಯೇ ಇರುವುದು. ಬಾಲಕ ಬಸವಣ್ಣನವರು ವಿದ್ಯೆ ಪಡೆದದ್ದು ಇಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ಹೊತ್ತಿಗೆ ಅವರು ಮರಳಿ ಬಂದು ಐಕ್ಯರಾದದ್ದೂ ಇಲ್ಲಿಯೇ. ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ನೆಲೆಯಲ್ಲಿರುವ ಐಕ್ಯಮಂಟಪ ಜಗತ್ತಿನ ಬಸವಭಕ್ತರನ್ನೆಲ್ಲ ಕರೆಯುತ್ತದೆ. ಕೃಷ್ಣೆಯ ಆಚೆಯ ದಂಡೆಯಲ್ಲಿ, ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ, ನೀಲಾಂಬಿಕೆ ತಾಯಿಯವರ ಐಕ್ಯಸ್ಥಳವಿದೆ. ಬಸವಣ್ಣನವರ ಕರೆಯಂತೆ ಕಲ್ಯಾಣದಿಂದ ಹೊರಟ ತಾಯಿ, ಸಂಗಮವನ್ನು ಮುಟ್ಟುವ ಮೊದಲೇ ಅವರು ಐಕ್ಯರಾದ ಸುದ್ದಿ ತಿಳಿದು, ಅಲ್ಲಿಯೇ ಲಿಂಗದಲ್ಲಿ ಒಂದಾದರೆಂದು ಪರಂಪರೆ ಹೇಳುತ್ತದೆ. ಒಂದೇ ಹೊಳೆಯ ಎರಡು ದಂಡೆಗಳಲ್ಲಿ ಇಬ್ಬರು ಶರಣರ ನೆಲೆಗಳು.

ಗಂಗಾಂಬಿಕೆ ತಾಯಿಯವರ ಐಕ್ಯಮಂಟಪವಿರುವುದು ಇದೇ ಮಲಪ್ರಭೆಯ ಮೇಲ್ಭಾಗದಲ್ಲಿ, ಬೆಳಗಾವಿ ಜಿಲ್ಲೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ. ಕಲ್ಯಾಣದಿಂದ ಹೊರಟ ಶರಣರ ದಂಡು ಉಳವಿಯ ಕಡೆಗೆ ಸಾಗಿದ ಹಾದಿಯನ್ನು ನಕ್ಷೆಯ ಮೇಲೆ ಗುರುತಿಸಬೇಕಾದರೆ ಸಮಾಧಿಗಳೇ ನಮಗೆ ಮೈಲಿಗಲ್ಲುಗಳು. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು, ಸಹ್ಯಾದ್ರಿಯ ಕಾಡಿನ ಉಳವಿಯಲ್ಲಿ ಚನ್ನಬಸವಣ್ಣನವರು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಕೆರೆಯ ನಡುವಿನ ಗುಡಿಯಲ್ಲಿ ಸಿದ್ಧರಾಮ ಶಿವಯೋಗಿಗಳ ಸಮಾಧಿ.

ಈ ಹೆಸರುಗಳನ್ನು ಒಟ್ಟಿಗೆ ಓದಿದಾಗ ಒಂದು ವಿಚಾರ ತಾನಾಗಿಯೇ ಎದ್ದು ಕಾಣುತ್ತದೆ. ಮಂತ್ರಿಯಾಗಿದ್ದವರು, ಅವರ ಮನೆಯ ಹೆಣ್ಣುಮಕ್ಕಳು, ಚರ್ಮ ಹದ ಮಾಡುತ್ತಿದ್ದ ಕಾಯಕಜೀವಿ, ಕೆರೆ ಕಟ್ಟಿಸಿದ ಯೋಗಿ, ಇವರೆಲ್ಲರ ಸಮಾಧಿಗೂ ನಾವು ಒಂದೇ ರೀತಿ ತಲೆಬಾಗುತ್ತೇವೆ. ಕಕ್ಕಯ್ಯನವರ ಸನ್ನಿಧಿಯಲ್ಲಿ ನಿಂತವರು ಅವರ ಜಾತಿ ಕೇಳುವುದಿಲ್ಲ. ಈ ಮಾತನ್ನು ನೆನಪಿಡಬೇಕೆಂದು ವಿನಂತಿ. ಲೇಖನದ ಕೊನೆಯ ಭಾಗದಲ್ಲಿ ಇದರ ಅಗತ್ಯವಿದೆ.

ಗದ್ದುಗೆ ಎಂದರೆ ಆಸನ

ಮಠದ ಪೀಠವನ್ನು ಗದ್ದುಗೆ ಎನ್ನುತ್ತೇವೆ. ಲಿಂಗೈಕ್ಯರಾದ ಗುರುಗಳ ಸಮಾಧಿಯನ್ನೂ ಗದ್ದುಗೆ ಎನ್ನುತ್ತೇವೆ. ಒಂದೇ ಶಬ್ದ ಏಕೆ ಎಂದು ತರುಣ ಭಕ್ತರು ಕೇಳುವುದುಂಟು. ಗದ್ದುಗೆ ಎಂದರೆ ಕುಳಿತುಕೊಳ್ಳುವ ಸ್ಥಾನ. ಗುರುಗಳು ಬದುಕಿದ್ದಾಗ ಕುಳಿತು ಉಪದೇಶಿಸಿದ್ದು ಒಂದು ಆಸನ, ಐಕ್ಯರಾದ ಮೇಲೆ ಲಿಂಗವನ್ನು ಕೈಯಲ್ಲಿ ಹಿಡಿದು ಕುಳಿತದ್ದು ಇನ್ನೊಂದು ಆಸನ. ಎರಡರ ನಡುವೆ ಕಡಿದುಹೋದದ್ದೇನೂ ಇಲ್ಲವೆಂಬುದು ಈ ಶಬ್ದದ ಹುರುಳು. ಮಠವನ್ನು ಮೊದಲು ಕಟ್ಟಿದವರ ಸಮಾಧಿ ಕರ್ತೃ ಗದ್ದುಗೆಯಾಗುತ್ತದೆ. ಆ ಗದ್ದುಗೆಯ ಸುತ್ತ ಮಠ, ಮಠದ ಸುತ್ತ ಪಾಠಶಾಲೆ, ದಾಸೋಹ ಬೆಳೆಯುತ್ತವೆ.

ಬಾದಾಮಿ ಸೀಮೆಯ ಶಿವಯೋಗಮಂದಿರ ಇದಕ್ಕೆ ಉತ್ತಮ ನಿದರ್ಶನ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಇದನ್ನು ಸ್ಥಾಪಿಸಿದರು. ನಾಡಿನ ನೂರಾರು ಮಠಗಳಿಗೆ ಸ್ವಾಮಿಗಳನ್ನು ಇಲ್ಲಿ ತರಬೇತುಗೊಳಿಸಲಾಯಿತು. 1930ರಲ್ಲಿ ಲಿಂಗೈಕ್ಯರಾದ ಪೂಜ್ಯರ ಗದ್ದುಗೆ ಅಲ್ಲಿಯೇ ಇದೆ. ಅಲ್ಲಿ ಸಿದ್ಧವಾಗುವ ವಿಭೂತಿ ನಾಡಿನ ಮನೆಮನೆಗೆ ಹೋಗುತ್ತದೆ. ನಿತ್ಯ ಲಿಂಗಪೂಜೆಗೆ ಬಳಸುವ ವಿಭೂತಿಯೇ ನಮ್ಮ ಹಳ್ಳಿಯ ಭಕ್ತರ ಹಣೆಗೆ ಕೊನೆಯ ದಿನವೂ ಏರುತ್ತದೆ. ಗದ್ದುಗೆಗೂ ರುದ್ರಭೂಮಿಗೂ ಇರುವ ನಂಟು ಇಷ್ಟು ಹತ್ತಿರದ್ದು.

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ಈ ಭಾಗದ ಜನ ಮರೆಯಲಾರರು. 1975ರಿಂದ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಕಾಳು ಕಡಿ ಬೇಡಲಿಲ್ಲ, ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನು ಬೇಡಿದರು. 2018ರ ಮೇ ತಿಂಗಳಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಮಹಾತ್ಮರ ಸ್ಮಾರಕ ಕಲ್ಲಿನಲ್ಲಿ ಮಾತ್ರ ಇರುವುದಿಲ್ಲ, ಅವರು ಬಿಟ್ಟುಹೋದ ಕೆಲಸವನ್ನು ಮುಂದುವರಿಸುವ ಜನರಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜನರು ಕಾಯ್ದ ಸಮಾಧಿಗಳು

ಮಠದ ಆಶ್ರಯವಿಲ್ಲದೆ ಜನರ ನೆನಪಿನಿಂದಲೇ ಉಳಿದ ಸಮಾಧಿಗಳೂ ಇವೆ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಕಿತ್ತೂರಿನ ರಾಣಿ ಚನ್ನಮ್ಮ ತಾಯಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲಿಯೇ ಇದೆ. ಅವರ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಬಳಿ ಬೆಳೆದ ಆಲದ ಮರಕ್ಕೆ ಮಕ್ಕಳಿಲ್ಲದ ತಾಯಂದಿರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾ ಬಂದರು. ಆಳುವವರು ಅಪರಾಧಿಯೆಂದು ಬರೆದಿಟ್ಟವನನ್ನು ಹಳ್ಳಿಯ ತಾಯಂದಿರು ಮಗನೆಂದು ನೆನಪಿಟ್ಟರು. ದಫ್ತರಕ್ಕಿಂತ ಈ ನೆನಪೇ ಗಟ್ಟಿಯಾಯಿತು.

ನೀರು ಬಂದಾಗ

ಹಾಗಿದ್ದರೆ ನೆನಪೊಂದೇ ಸಾಕೇ? ಸಾಲದು ಎಂಬುದನ್ನು ಕೃಷ್ಣೆ ನಮಗೆ ಕಲಿಸಿದ್ದಾಳೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಹಿನ್ನೀರು ಸಂಗಮದವರೆಗೆ ಬಂದಿತು. ಬಸವಣ್ಣನವರ ಐಕ್ಯಸ್ಥಳ ನೀರಿನ ಪಾಲಾಗಬಾರದೆಂದು ಅದರ ಸುತ್ತ ಬಾವಿಯಂತೆ ದುಂಡನೆಯ ಭದ್ರ ಗೋಡೆ ಕಟ್ಟಲಾಯಿತು. ಇಂದು ನಾವು ಸುತ್ತಲೂ ನೀರಿರುವಾಗ ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಇದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಅದೇ ನೀರಿನಡಿಗೆ ಹೋದ ಹಳ್ಳಿಗಳ ರುದ್ರಭೂಮಿಗಳಿಗೆ ಗೋಡೆ ಕಟ್ಟುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಿದವು. ಮನೆಗೆ, ಹೊಲಕ್ಕೆ, ಗಿಡಮರಕ್ಕೆ ಬೆಲೆ ಕಟ್ಟಲಾಯಿತು. ಅಜ್ಜ ಅಜ್ಜಿಯರು ಕುಳಿತ ನೆಲಕ್ಕೆ ಬೆಲೆ ಕಟ್ಟುವುದು ಹೇಗೆ?

ಈ ಅಧ್ಯಾಯ ಇನ್ನೂ ಮುಗಿದಿಲ್ಲ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅನುಮತಿ ನೀಡಿದೆ. ಅದು ಕಾರ್ಯಗತವಾಗುವಾಗ ಇನ್ನಷ್ಟು ಊರುಗಳು ಸ್ಥಳಾಂತರಗೊಳ್ಳಬೇಕು. ಪುನರ್ವಸತಿ ಕೇಂದ್ರದಲ್ಲಿ ಶಾಲೆ, ರಸ್ತೆ, ಗುಡಿಗಳಿಗೆ ಜಾಗ ಕೇಳುವ ನಾವು ರುದ್ರಭೂಮಿಗೂ ಮೊದಲ ದಿನವೇ ಜಾಗ ಕೇಳಬೇಕು. ಹಳೆಯ ಊರು ಬಿಡುವ ಮುನ್ನ ಅಲ್ಲಿ ಯಾರು ಯಾರ ಸಮಾಧಿಗಳಿದ್ದವು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ನೀರು ಕಲ್ಲನ್ನು ಮುಳುಗಿಸಬಹುದು, ಬರೆದಿಟ್ಟ ಹೆಸರನ್ನು ಮುಳುಗಿಸಲಾರದು.

ನೀರು ನಮ್ಮ ಸೀಮೆಗೆ ಸಮೃದ್ಧಿಯನ್ನೂ ತಂದಿದೆ. ಇದೇ ಹಿನ್ನೀರನ್ನು ಎತ್ತಿ 24 ಸಾವಿರ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ರಾಮಥಾಳ ಯೋಜನೆಯ ಹೆಸರಿನೊಡನೆ ಮರೋಳದ ಹೆಸರೂ ಸೇರಿಕೊಂಡಿದೆ. ಮಳೆಯನ್ನೇ ನಂಬಿದ್ದ ಎರೆಹೊಲಕ್ಕೆ ನೀರು ಬಂದರೆ ಅದರ ಬೆಲೆಯೂ ಏರುತ್ತದೆ. ಬೆಲೆ ಏರಿದಂತೆ ಪ್ರತಿ ಗುಂಟೆಯ ಮೇಲೂ ಕಣ್ಣು ಬೀಳುತ್ತದೆ. ಒಡೆಯನಿಲ್ಲದಂತೆ ಕಾಣುವ ರುದ್ರಭೂಮಿಯ ಮೇಲೆ ಮೊದಲು ಬೀಳುತ್ತದೆ.

ಕಾನೂನು ಏನು ಹೇಳುತ್ತದೆ

ರುದ್ರಭೂಮಿ ಒಡೆಯನಿಲ್ಲದ ಭೂಮಿಯಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಹೂಳಲು ಅಥವಾ ಸುಡಲು ಬಳಸುವ ನೆಲ ‘ಬ’ ಖರಾಬು ವರ್ಗಕ್ಕೆ ಸೇರುತ್ತದೆ. ಅದಕ್ಕೆ ಕಂದಾಯವಿಲ್ಲ, ಏಕೆಂದರೆ ಅದು ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು. ಅಕ್ಕಪಕ್ಕದ ಹೊಲದವರು ಅದನ್ನು ತಮ್ಮದೆಂದು ಉಳುವಂತಿಲ್ಲ. ರುದ್ರಭೂಮಿಯಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು 2019ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಸರ್ಕಾರಕ್ಕೆ ನಿರ್ದೇಶನ ನೀಡಿತು. ಆದ್ದರಿಂದ ರುದ್ರಭೂಮಿಯನ್ನು ಕೇಳುವುದು ಬೇಡಿಕೆಯಷ್ಟೇ ಅಲ್ಲ, ಹಕ್ಕು.

ನಮ್ಮಲ್ಲಿ ಅನೇಕ ಮನೆತನಗಳು ಹಿರಿಯರನ್ನು ಸ್ವಂತ ಹೊಲದಲ್ಲಿಯೇ ಮಣ್ಣು ಮಾಡುತ್ತವೆ. ಹೊಲದ ಬದುವಿನಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಟ್ಟೆ, ಅದರ ಮೇಲೊಂದು ಲಿಂಗ ಅಥವಾ ನಂದಿ, ಅಮಾವಾಸ್ಯೆಗೊಂದು ಕಾಯಿ. ಹೊಲ ಮನೆತನದಲ್ಲಿರುವವರೆಗೆ ಇದು ಚೆನ್ನ. ಪಾಲು ಬಿದ್ದಾಗ, ಮಾರಿದಾಗ, ಕಾಲುವೆಗೋ ರಸ್ತೆಗೋ ಹೋದಾಗ ತೊಂದರೆ. ಉತಾರದಲ್ಲಿ ಸಮಾಧಿಯ ಮಾತೇ ಇರುವುದಿಲ್ಲ. ಹೊಸ ಒಡೆಯರಿಗೆ ಅದು ನೇಗಿಲಿಗೆ ಅಡ್ಡ ಬರುವ ಕಲ್ಲು. ಆದ್ದರಿಂದ ಪಾಲುಪತ್ರ, ಖರೀದಿಪತ್ರ ಬರೆಸುವಾಗ ಸಮಾಧಿಯ ಜಾಗವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಚಕ್ಕುಬಂದಿಯೊಡನೆ ಬರೆಸಿರೆಂದು ಹಿರಿಯರಲ್ಲಿ ನಮ್ಮ ಸಲಹೆ. ಅಣ್ಣತಮ್ಮಂದಿರ ನಡುವೆ ಮುಂದೆ ಹುಟ್ಟಬಹುದಾದ ಮನಸ್ತಾಪವನ್ನು ಎರಡು ಸಾಲಿನ ಬರಹ ತಡೆಯುತ್ತದೆ.

ಎಲ್ಲರಿಗೂ ಆರಡಿ

ಈಗ ಕಕ್ಕಯ್ಯನವರ ಮಾತಿಗೆ ಬರೋಣ. ಕಕ್ಕೇರಿಗೆ ಹೋಗಿ ಕೈಮುಗಿದು ಬಂದವರ ಊರಿನಲ್ಲಿಯೇ ಜಾತಿಗೊಂದು ರುದ್ರಭೂಮಿ ಇರುವುದುಂಟು. ಹೊಲವೂ ಇಲ್ಲದ, ರುದ್ರಭೂಮಿಯೂ ಇಲ್ಲದ ಬಡವರು ಹಳ್ಳದ ದಂಡೆಯಲ್ಲಿ, ರಸ್ತೆಯ ಬದಿಯಲ್ಲಿ ತಮ್ಮವರನ್ನು ಮಣ್ಣು ಮಾಡುವುದೂ ಉಂಟು. ಮಳೆಗಾಲದಲ್ಲಿ ಹಳ್ಳ ಬಂದರೆ ಆ ದುಃಖ ಹೇಳತೀರದು. ದಾರಿ ಬಿಡದೆ ಶವಯಾತ್ರೆಯನ್ನು ಹೊಲದಂಚಿನಲ್ಲಿ ತಡೆದ ಸುದ್ದಿಗಳನ್ನು ನಾಡಿನ ಹಲವು ಕಡೆಗಳಿಂದ ಪತ್ರಿಕೆಗಳಲ್ಲಿ ಓದುತ್ತೇವೆ. ಬಸವಣ್ಣನವರನ್ನು ಗುರುವೆಂದು ಒಪ್ಪಿದವರು ಅಂತಹ ಊರಿನಲ್ಲಿ ಸುಮ್ಮನಿರುವುದು ಸಲ್ಲದು. ದಾಸೋಹವೆಂದರೆ ಅನ್ನ ಮಾತ್ರವಲ್ಲ. ನೆರೆಯವನ ಕೊನೆಯ ಪಯಣಕ್ಕೆ ಹೊಲದ ಬದುವಿನಲ್ಲಿ ದಾರಿ ಬಿಡುವುದೂ ದಾಸೋಹವೇ.

ಕೆಲವು ಭಕ್ತರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಲಿಂಗೈಕ್ಯರಾದವರು ಲಿಂಗದಲ್ಲಿ ಬೆರೆತರು ಎಂದಮೇಲೆ ಉಳಿದ ಮಣ್ಣಿಗೆ ಇಷ್ಟು ಆರೈಕೆ ಏಕೆ? ಇದು ಸ್ಥಾವರದ ಪೂಜೆಯಾಗುವುದಿಲ್ಲವೇ? ಪ್ರಶ್ನೆ ಸರಿಯಾದುದು. ಸಮಾಧಿಯನ್ನು ದೇವರಾಗಿಸಿ ಹರಕೆ, ಬಲಿ, ಭಯಗಳನ್ನು ಬೆಳೆಸಿದರೆ ಅದು ಶರಣರ ಮಾರ್ಗವಲ್ಲ. ಅಮೃತಶಿಲೆಯ ಗೋರಿ ಕಟ್ಟಿ ಸಿರಿತನ ತೋರಿಸುವುದೂ ಶರಣರ ಮಾರ್ಗವಲ್ಲ. ನಾವು ಹೇಳುತ್ತಿರುವುದು ಪೂಜೆಯ ಮಾತಲ್ಲ, ಕೃತಜ್ಞತೆಯ ಮಾತು. ಹಿರಿಯರ ಹೆಸರು ತಿಳಿದಿರುವುದು, ಬದುಕಿರುವವರಿಗೆ ಗೌರವದಿಂದ ಹೋಗಲು ಒಂದು ನೆಲ ಇರುವುದು, ಆ ನೆಲದಲ್ಲಿ ಭೇದವಿಲ್ಲದಿರುವುದು, ಇಷ್ಟೇ.

ನಮ್ಮ ಊರಿನಲ್ಲಿ ಮಾಡಬಹುದಾದದ್ದು

ಹೆಚ್ಚಿನ ಹಣ ಬೇಡದ ಕೆಲವು ಕೆಲಸಗಳನ್ನು ಭಕ್ತರ ಮುಂದಿಡುತ್ತೇವೆ.

ಮೊದಲು, ಊರ ರುದ್ರಭೂಮಿಯ ಸರ್ವೆ ನಂಬರ್, ವಿಸ್ತೀರ್ಣ ಮತ್ತು ನಕ್ಷೆಯನ್ನು ತಲಾಠಿಯವರಿಂದ ತಿಳಿದು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿರಿ. ಒತ್ತುವರಿಯ ಸಂಶಯವಿದ್ದರೆ ಜಗಳಕ್ಕೆ ಇಳಿಯದೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಬಾಂದುಕಲ್ಲು ನೆಡಿಸಿರಿ.

ಎರಡನೆಯದು, ಊರಿನದೊಂದು ಸಮಾಧಿ ವಹಿ ಇಡಿರಿ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು ಕಾನೂನಿದೆ. ಆದರೆ ಆ ನೋಂದಣಿಯಿಂದ ಸಮಾಧಿ ಎಲ್ಲಿದೆಯೆಂಬುದು ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಮಾಡಿದ ಕಾಯಕ, ಐಕ್ಯವಾದ ದಿನ, ಸಮಾಧಿಯ ಸ್ಥಳ, ಇಷ್ಟು ಬರೆದರೆ ಸಾಕು. ತಾಯಂದಿರ ಹೆಸರು ತಪ್ಪದೇ ಇರಲಿ. ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ಹೆಸರು ಗೊತ್ತಿರುತ್ತದೆ, ಮುತ್ತಜ್ಜಿಯ ಹೆಸರು ಮರೆತಿರುತ್ತದೆ. ಊರಿನ ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿ ಬರೆಯಿರಿ. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ಚರಿತ್ರೆಯ ಪಾಠ.

ಮೂರನೆಯದು, ವರ್ಷಕ್ಕೊಮ್ಮೆ, ಬಸವ ಜಯಂತಿಯ ಮುನ್ನಾದಿನಗಳಲ್ಲಿ, ಶ್ರಮದಾನದಿಂದ ಜಾಲಿ ಕಡಿದು, ದಾರಿ ಹಸನು ಮಾಡಿ, ಅಂಚಿಗೆ ಬೇವು, ಬಿಲ್ವಪತ್ರೆಯ ಸಸಿ ನೆಡಿರಿ. ಉದ್ಯೋಗ ಖಾತರಿಯಲ್ಲಿ ಅನೇಕ ಪಂಚಾಯಿತಿಗಳು ಸ್ಮಶಾನ ಅಭಿವೃದ್ಧಿಯನ್ನು ಕೈಗೊಂಡಿವೆ. ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಹಳೆಯ ವೀರಗಲ್ಲು, ಶಾಸನದ ಕಲ್ಲುಗಳು ಕಂಡರೆ ಅವುಗಳಿಗೆ ಬಣ್ಣ ಬಳಿಯಬೇಡಿರಿ, ಎಣ್ಣೆ ಹಚ್ಚಬೇಡಿರಿ, ಇದ್ದಲ್ಲಿಂದ ಕೀಳಬೇಡಿರಿ.

ನಾಲ್ಕನೆಯದು, ಊರಿನಲ್ಲಿ ಯಾವ ಸಮುದಾಯಕ್ಕೆ ರುದ್ರಭೂಮಿ ಇಲ್ಲವೋ ಅವರ ಪರವಾಗಿ ಮೊದಲ ಅರ್ಜಿಗೆ ನಾವೇ ಸಹಿ ಹಾಕೋಣ. ನಮ್ಮದನ್ನು ಕಾಯ್ದುಕೊಳ್ಳುವುದರಷ್ಟೇ ಇದು ಮುಖ್ಯ.

ಐಹೊಳೆಯ ಗುಡ್ಡದ ಕಲ್ಲುಮನೆಯಲ್ಲಿ ಮಲಗಿದವರ ಹೆಸರು ಯಾರಿಗೂ ತಿಳಿಯದು. ನಮ್ಮ ಹಿರಿಯರ ಹೆಸರುಗಳು ಇನ್ನೂ ಕೆಲವರ ನಾಲಗೆಯ ಮೇಲಿವೆ. ಅವು ಅಲ್ಲಿಂದ ಕಾಗದಕ್ಕೆ ಇಳಿಯುವುದು ಈ ತಲೆಮಾರಿನ ಕೆಲಸ. ಸಮಾಧಿ ವಹಿಯನ್ನು ಆರಂಭಿಸಿದ ಊರಿನವರು ಅದರ ಒಂದು ಪ್ರತಿಯನ್ನು ಶ್ರೀಮಠಕ್ಕೆ ತಲುಪಿಸಿದರೆ ಮಠದ ದಫ್ತರದಲ್ಲಿ ಕಾಯ್ದಿರಿಸುತ್ತೇವೆ.